ಕೊಡ್ಲಿಪೇಟೆಯಷ್ಟು ಅಗಲದ ಮುಖ

ಫೆಬ್ರವರಿಯ ಒಂದು ಮಧ್ಯಾಹ್ನ. ಕೊಡ್ಲಿಪೇಟೆಯ ಅಕ್ಕನ ಮನೆಯ ಹಿಂದಿನ ಕಣದಲ್ಲಿ ರೊಬಸ್ಟಾ ಒಣಗುತ್ತಿತ್ತು. ಅಕ್ಕ ತಲೆಗೆ ಟವಲು ಸುತ್ತಿಕೊಂಡು, ಕಾಫಿ ಹಣ್ಣನ್ನು ಈ ಬದಿಯಿಂದ ಆ ಬದಿಗೆ ಎಳೆಯುತ್ತಿದ್ದಳು. ಡಿಗ್ರಿ ಎರಡನೇ ವರ್ಷದಲ್ಲಿ ಓದುವ ಅವಳ ಮಗಳು ಹಿಂಬಾಗಿಲ ಬಳಿ ನಿಂತು, ಬೆಳಗಿನ ಫಿಲ್ಟರಿನ ಚರಟವನ್ನು ಬಟ್ಟಲಿಗೆ ಕೊಡವಿ, ಎರಡು ಚಮಚ ಸಕ್ಕರೆ ಬೆರೆಸಿ, ಮುಖಕ್ಕೆ ತಿಕ್ಕಲು ಹೊರಟಿದ್ದಳು.

"ಮೂಗು, ಹಣೆ ಎಲ್ಲ ಎಣ್ಣೆ ಚಿಕ್ಕಮ್ಮ. ಕೆನ್ನೆ ಮಾತ್ರ ಬಿಗೀತದೆ. ಇದನ್ನ ತಿಕ್ಕಿದ್ರೆ ಎಲ್ಲ ಸರಿ ಹೋಗ್ತದಂತೆ."

ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದವಳು ನಾನು. ಕೈ ಹಿಡಿದು ನಿಲ್ಲಿಸಿದೆ. "ತಿಕ್ಕೋದು ಆಮೇಲೆ. ಮೊದಲು ಬರೀ ಫೇಸ್‌ವಾಶ್ ಹಾಕಿ ಮುಖ ತೊಳ್ಕೊ, ಮೆತ್ತಗೆ ಒತ್ತಿ ಒರೆಸ್ಕೊ. ಕ್ರೀಮು, ಪೌಡರು ಏನೂ ಬೇಡ. ಒಂದು ಗಂಟೆ ನನ್ನ ಜೊತೆ ಕೂತ್ಕೊ. ನಿನ್ನ ಚರ್ಮ ಯಾವ ಜಾತಿದು ಅಂತ ಅದೇ ಹೇಳ್ತದೆ."

ಚರ್ಮದ ಗುಣ ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇಷ್ಟೇ. ತೊಳೆದು ಒಂದು ಗಂಟೆ ಬಿಟ್ಟು, ಟಿಶ್ಯೂ ಪೇಪರಿನ ಚೂರುಗಳನ್ನು ಹಣೆ, ಮೂಗು, ಗದ್ದ, ಎರಡು ಕೆನ್ನೆ, ಹೀಗೆ ಒಂದೊಂದು ಕಡೆ ಒತ್ತಿ, ಬೆಳಕಿಗೆ ಹಿಡಿದು ನೋಡುವುದು. ಆದರೆ ಆ ಒಂದು ಗಂಟೆ ಹುಡುಗಿಯನ್ನು ಕೂರಿಸಬೇಕಲ್ಲ. ಅದಕ್ಕಾಗಿ ನಾನೊಂದು ಲೆಕ್ಕ ತೆಗೆದೆ: ಅವಳ ಮುಖವನ್ನು ಹತ್ತು ಸಾವಿರ ಪಟ್ಟು ದೊಡ್ಡದು ಮಾಡೋಣ ಎಂದೆ.

ಗದ್ದದ ತುದಿಯಿಂದ ಕೂದಲಂಚಿನವರೆಗೆ ಮುಖ ಸುಮಾರು 18 ಸೆಂಟಿಮೀಟರ್. ಹತ್ತು ಸಾವಿರ ಪಟ್ಟು ಹಿಗ್ಗಿಸಿದರೆ 1,800 ಮೀಟರ್. ಅಗಲ 13 ಸೆಂಟಿಮೀಟರ್ ಇದ್ದದ್ದು 1,300 ಮೀಟರ್. ಅಂದರೆ ಪೇಟೆ ಬೀದಿ, ಬಸ್ ಸ್ಟ್ಯಾಂಡು, ಅಕ್ಕಪಕ್ಕದ ಗದ್ದೆ ತೋಟ ಎಲ್ಲವನ್ನೂ ಮುಚ್ಚುವಂತೆ ಆ ಮುಖ ಕೊಡ್ಲಿಪೇಟೆಯ ಮೇಲೆ ಮಲಗುತ್ತದೆ. ಗದ್ದ ಶನಿವಾರಸಂತೆ ರಸ್ತೆಯ ಕಡೆಗೆ, ಹಣೆ ಸಕಲೇಶಪುರ ರಸ್ತೆಯ ಕಡೆಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು. ಅವಳ ಹಣೆಯೊಂದೇ ಸುಮಾರು ನೂರೈವತ್ತು ಎಕರೆ.

ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಚರ್ಮವನ್ನು ಅಳೆಯುವವರು ಬಳಸುವುದು ಮೈಕ್ರಾನ್, ಮಿಲಿಮೀಟರಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣದ್ದು, ಮನಸ್ಸಿಗೂ ಹತ್ತದ್ದು. ನಮ್ಮ ಕೊಡ್ಲಿಪೇಟೆ ಮುಖದ ಮೇಲೆ ಒಂದು ಮೈಕ್ರಾನ್ ಅಂದರೆ ಒಂದು ಸೆಂಟಿಮೀಟರ್. ಒಂದು ಕಾಫಿ ಬೀಜದಷ್ಟು.

ಹೊರಗಿನಿಂದ ಒಳಗೆ ಹೋಗೋಣ. ಚರ್ಮದ ಅತಿ ಮೇಲಿನ ಹೊದಿಕೆ ಸತ್ತ ಕೋಶಗಳದು. ಮೈಯೊಳಗಿನ ನೀರನ್ನು ಹಿಡಿದಿಡುವುದು, ಹೊರಗಿನ ಕೊಳೆ ರೋಗಾಣುಗಳನ್ನು ತಡೆಯುವುದು ಬಹುಮಟ್ಟಿಗೆ ಇದೇ. ಅದರ ದಪ್ಪ 10ರಿಂದ 20 ಮೈಕ್ರಾನ್. ಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ನಮ್ಮ ರಕ್ಷಣೆಯ ಗೋಡೆಗಳನ್ನು ನಾಲ್ಕೈದು ಒಂದರ ಮೇಲೊಂದು ಇಟ್ಟರೂ ಒಂದು ಪತ್ರಿಕೆಯ ಹಾಳೆಯಷ್ಟೇ! ಇಷ್ಟು ತೆಳುವಾದದ್ದರೊಳಗೆ ಹದಿನೈದಿಪ್ಪತ್ತು ಪದರಗಳಿವೆ. ಒಂದೊಂದು ಕೋಶವೂ ಚಪ್ಪಟೆ, 30ರಿಂದ 40 ಮೈಕ್ರಾನ್ ಅಗಲ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಅದು ಸರಿಯಾಗಿ ಒಂದು ಮಂಗಳೂರು ಹಂಚು. ದಪ್ಪ ಮಾತ್ರ ಹಂಚಿಗಿಂತ ಕಡಿಮೆ. ಹಂಚಿನ ಮೇಲೆ ಹಂಚು ಹದಿನೈದಿಪ್ಪತ್ತು ಸಾಲು, ನಡುವೆ ಕೊಬ್ಬಿನ ಗಾರೆ. 1980ರ ದಶಕದಲ್ಲಿ ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಈ ರಚನೆಗೆ ಇಟ್ಟಿಗೆ ಮತ್ತು ಗಾರೆಯ ಹೋಲಿಕೆ ಕೊಟ್ಟರು. ಈ ಕಡೆಯವಳಾದ ನನಗೆ ಹಂಚೇ ಸರಿ ಅನ್ನಿಸುತ್ತದೆ. ಯಾಕೆಂದರೆ ಇವು ದಿನವೂ ಜಾರಿ ಬೀಳುತ್ತವೆ.

ಎಷ್ಟು ಬೀಳುತ್ತವೆ? ಸುಮಾರು ದಿನಕ್ಕೊಂದು ಪದರ. ಒಂದು ಚದರ ಸೆಂಟಿಮೀಟರ್ ಚರ್ಮದ ಒಂದು ಪದರದಲ್ಲಿ ಒಂದು ಲಕ್ಷದ ಆಸುಪಾಸು ಕೋಶಗಳಿರುತ್ತವೆ. ಹಣೆ 60 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಹಣೆಯೊಂದರಿಂದಲೇ ದಿನಕ್ಕೆ ಅರವತ್ತು ಲಕ್ಷ ಹಂಚು ಸದ್ದಿಲ್ಲದೆ ಉದುರಿಹೋಗುತ್ತವೆ. ಅಷ್ಟೇ ಹಂಚು ಕೆಳಗಿನಿಂದ ತಯಾರಾಗಿ ಮೇಲೆ ಬರುತ್ತವೆ. ಯೌವನದಲ್ಲಿ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಒಂದೂಕಾಲು ತಿಂಗಳಿನಷ್ಟು ಸಮಯ ಸಾಕು. ವಯಸ್ಸಾದಂತೆ ನಿಧಾನ.

"ಹಾಗಾದ್ರೆ ತಿಕ್ಕಿದ್ರೆ ಬೇಗ ಉದುರ್ತಾವಲ್ಲ, ಒಳ್ಳೇದೇ ತಾನೆ?" ಎಂದಳು.

ಬಟ್ಟಲನ್ನು ಅವಳ ಮುಂದೆ ಇಟ್ಟೆ. ಫಿಲ್ಟರ್ ಪುಡಿಯ ಒಂದು ಕಣ ಅರ್ಧ ಮಿಲಿಮೀಟರಿನ ಆಸುಪಾಸು. ಸಕ್ಕರೆಯ ಹರಳೂ ಅಷ್ಟೇ, ಕೆಲವು ಇನ್ನೂ ದೊಡ್ಡವು. ಅರ್ಧ ಮಿಲಿಮೀಟರ್ ಅಂದರೆ 500 ಮೈಕ್ರಾನ್. ನಮ್ಮ ಮುಖದ ಮೇಲೆ ಅದು ಐದು ಮೀಟರಿನ, ಹದಿನಾರು ಅಡಿ ಎತ್ತರದ ಬಂಡೆ. ಮೂಲೆ ಮೂಲೆ ಚೂಪಾಗಿರುವ ಅಂಥ ಸಾವಿರಾರು ಬಂಡೆಗಳನ್ನು, ಒಂದು ಮೊಳವೂ ದಪ್ಪವಿಲ್ಲದ ಹಂಚಿನ ಮಾಡಿನ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸುವುದಕ್ಕೆ ನಾವು ಸ್ಕ್ರಬ್ ಎಂದು ಹೆಸರಿಟ್ಟಿದ್ದೇವೆ. ಉದುರಬೇಕಾದ ಹಂಚು ತಾನಾಗಿಯೇ ಉದುರುತ್ತಿತ್ತು. ಈಗ ಉದುರಬಾರದವೂ ಒಡೆಯುತ್ತವೆ.

ಮಾಡು ಒಡೆದರೆ ಮೊದಲು ಸೋರುವುದು ನೀರು, ಅದೂ ಮೇಲಿನಿಂದ ಕೆಳಗಲ್ಲ. ಬೆವರಿಲ್ಲದೆಯೂ ಚರ್ಮದ ಮೂಲಕ ನೀರು ಆವಿಯಾಗಿ ಸದಾ ಹೋಗುತ್ತಲೇ ಇರುತ್ತದೆ. ಆರೋಗ್ಯವಾಗಿರುವ ಚರ್ಮದಲ್ಲಿ ಚದರ ಮೀಟರಿಗೆ ಗಂಟೆಗೆ 10 ಗ್ರಾಮಿನ ಆಸುಪಾಸು. ಕೇಳಲು ಸಣ್ಣದು. ನಮ್ಮ ಹತ್ತು ಸಾವಿರ ಪಟ್ಟಿನ ಲೆಕ್ಕಕ್ಕೆ ತಂದರೆ ಹತ್ತು ಸೆಂಟಿಮೀಟರ್ ನೀರು. ಕೊಡಗಿನಲ್ಲಿ ನಾವು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲೇ ಹೇಳುವವರು. ಆ ಭಾಷೆಯಲ್ಲಿ ಇದು ಗಂಟೆಗೆ ನಾಲ್ಕು ಇಂಚು. ಆಷಾಢದ ಜಡಿಮಳೆಯನ್ನೂ ಮೀರಿಸುವ ಮಳೆ, ನೆಲದಿಂದ ಆಕಾಶಕ್ಕೆ, ಹಗಲು ರಾತ್ರಿ. ಗಟ್ಟಿ ಇರುವ ಮಾಡಿನಲ್ಲೇ ಇಷ್ಟು. ಮಾಡು ಕೆಟ್ಟರೆ ಹಲವು ಪಟ್ಟು. ಒಣ ಚರ್ಮ ಅನ್ನುವುದರ ಮೂಲ ಬಹಳ ಸಲ ಇಲ್ಲಿದೆ. ಎಣ್ಣೆ ಕಡಿಮೆಯಾದದ್ದಕ್ಕಿಂತ ಗಾರೆ ಕಿತ್ತುಹೋದದ್ದು ಹೆಚ್ಚು.

ಈಗ ಎಣ್ಣೆಗೆ ಬರೋಣ. ನನಗೆ ಅತಿ ಬೆರಗು ತಂದದ್ದು ಇದೇ.

ಮುಖದ ಮೇಲೆ, ಅದರಲ್ಲೂ ಹಣೆ, ಮೂಗು, ಗದ್ದದ ಕಡೆ, ಒಂದು ಚದರ ಸೆಂಟಿಮೀಟರಿಗೆ 400ರಿಂದ 900 ಎಣ್ಣೆ ಗ್ರಂಥಿಗಳಿವೆ. ಒಂದು ಚದರ ಸೆಂಟಿಮೀಟರ್ ನಮ್ಮ ಲೆಕ್ಕದಲ್ಲಿ ಒಂದು ಹೆಕ್ಟೇರ್, ಎರಡೂವರೆ ಎಕರೆ. ಅಷ್ಟರೊಳಗೆ 400ರಿಂದ 900 ಗ್ರಂಥಿ ಅಂದರೆ ಗ್ರಂಥಿಯಿಂದ ಗ್ರಂಥಿಗೆ ಹನ್ನೊಂದರಿಂದ ಹದಿನಾರು ಅಡಿ ಅಂತರ. ರೊಬಸ್ಟಾ ಗಿಡಗಳನ್ನು ಹತ್ತಡಿಗೊಂದು ನೆಡುವ ಊರಿನಲ್ಲಿ ಕೂತು ಇದನ್ನು ಹೇಳುತ್ತಿದ್ದೆ. ಹುಡುಗಿ ತೋಟದ ಕಡೆ ತಿರುಗಿ ನೋಡಿದಳು. ಅವಳ ಹಣೆಯ ನೂರೈವತ್ತು ಎಕರೆಯಲ್ಲಿ ಬೇಲಿಯಿಂದ ಬೇಲಿಗೆ ರೊಬಸ್ಟಾ ಸಾಲಿನ ಹಾಗೆಯೇ ಎಣ್ಣೆ ಗ್ರಂಥಿಗಳು, ಇಪ್ಪತ್ತನಾಲ್ಕು ಸಾವಿರದಿಂದ ಐವತ್ತನಾಲ್ಕು ಸಾವಿರ. ಕೈಕಾಲಿನ ಕಡೆ ಹೋದರೆ ಚದರ ಸೆಂಟಿಮೀಟರಿಗೆ ನೂರೂ ಇಲ್ಲ, ನೆರಳು ಮರದ ಹಾಗೆ ಅಲ್ಲೊಂದು ಇಲ್ಲೊಂದು. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ.

ಇಷ್ಟೆಲ್ಲ ಸೇರಿ ತೆಗೆಯುವ ಎಣ್ಣೆ ಎಷ್ಟು? ದೊಡ್ಡವರಲ್ಲಿ ಸರಾಸರಿ, ಹತ್ತು ಚದರ ಸೆಂಟಿಮೀಟರಿಗೆ ಮೂರು ಗಂಟೆಗೆ ಒಂದು ಮಿಲಿಗ್ರಾಂ. ಇದು ಅರ್ಧ ಮಿಲಿಗ್ರಾಮಿಗಿಂತ ಕಡಿಮೆಯಾದರೆ ಒಣ ಚರ್ಮ. ಒಂದೂವರೆಯಿಂದ ನಾಲ್ಕು ಮಿಲಿಗ್ರಾಂ ಇದ್ದರೆ ಎಣ್ಣೆ ಚರ್ಮ. ಹಣೆಯ ಅರವತ್ತು ಚದರ ಸೆಂಟಿಮೀಟರಿಗೆ ಆ ಸರಾಸರಿಯನ್ನು ಗುಣಿಸಿದರೆ ಇಡೀ ದಿನಕ್ಕೆ 48 ಮಿಲಿಗ್ರಾಂ ಬರುತ್ತದೆ. ಒಂದು ತೊಟ್ಟು ಎಣ್ಣೆ ಸರಿಸುಮಾರು ಅಷ್ಟೇ ತೂಗುತ್ತದೆ.

ಒಂದು ದಿನಕ್ಕೆ, ಒಂದು ಹಣೆಗೆ, ಒಂದು ತೊಟ್ಟು. ಅರ್ಧ ತೊಟ್ಟಾದರೆ ನೀವು ಒಣ ಚರ್ಮದವರು. ನಾಲ್ಕು ತೊಟ್ಟಾದರೆ ಜಿಡ್ಡು ಮುಖದವರು. ಅಂಗಡಿಯ ಕಪಾಟಿನ ತುಂಬ ಬಣ್ಣ ಬಣ್ಣದ ಡಬ್ಬಿಗಳನ್ನು ಬೇರೆ ಬೇರೆ ಮಾಡಿ ಜೋಡಿಸಿರುವುದು, ಹದಿಹರೆಯದ ಮಕ್ಕಳು ಕನ್ನಡಿ ಮುಂದೆ ಅಳುವುದು, ಬಹುಪಾಲು ಈ ಮೂರೂವರೆ ತೊಟ್ಟಿನ ವ್ಯತ್ಯಾಸಕ್ಕೆ. ನಮ್ಮ ಕೊಡ್ಲಿಪೇಟೆ ಮುಖದಲ್ಲಿ, ಮೂರು ಗಂಟೆಯಲ್ಲಿ ಹಂಚಿನ ಮೇಲೆ ಹರಡುವ ಎಣ್ಣೆಯ ಎತ್ತರ ಒಣ ಚರ್ಮದಲ್ಲಿ ಅರ್ಧ ಸೆಂಟಿಮೀಟರ್, ಸಾಧಾರಣಕ್ಕೆ ಒಂದು, ಅತಿ ಜಿಡ್ಡಿಗೆ ನಾಲ್ಕು.

ಈ ತೊಟ್ಟು ನಿಂತ ನೀರೂ ಅಲ್ಲ. ಚರ್ಮದ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎಣ್ಣೆ ಸುರಿಯುವುದು ಶೇ. 10ರಷ್ಟು ಹೆಚ್ಚುತ್ತದೆಂದು ಅಳೆದವರು ಹೇಳಿದ್ದಾರೆ. ಜನವರಿಯ ಮಂಜಿನ ಬೆಳಗ್ಗೆ ಬಿಗಿಯುವ ಕೆನ್ನೆ ಏಪ್ರಿಲಿನಲ್ಲಿ ಬಿಗಿಯುವುದಿಲ್ಲ. ಹರೆಯ ಬಂದಾಗ ಹಾರ್ಮೋನುಗಳಿಂದ ಎಣ್ಣೆ ಏರುತ್ತದೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇಳಿಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಲೆನಾ ರೂಬಿನ್‌ಸ್ಟೈನ್ ಎಂಬ ವ್ಯಾಪಾರಿ ಹೆಂಗಸು ಒಣ, ಎಣ್ಣೆ, ಸಾಮಾನ್ಯ ಎಂಬ ವಿಂಗಡಣೆಯನ್ನು ಮಾರುಕಟ್ಟೆಗೆ ತಂದಳು. ಈಚೆಗೆ ಲೆಸ್ಲಿ ಬಾಮನ್ ಎಂಬ ವೈದ್ಯೆ ಅದನ್ನು 16 ಬಗೆ ಮಾಡಿದ್ದಾರೆ. ನನ್ನ ಮಟ್ಟಿಗೆ, ವರ್ಷದಲ್ಲಿ ಮೂರು ಸಲ, ಮಳೆ ಚಳಿ ಬೇಸಿಗೆಯಲ್ಲಿ ಒಂದೊಂದು ಸಲ ಆ ಟಿಶ್ಯೂ ಪೇಪರ್ ಒತ್ತಿ ನೋಡುವುದು ಈ ಹದಿನಾರಕ್ಕಿಂತ ಉಪಯೋಗದ್ದು.

"ಅದಕ್ಕೇ ನಾನು ದಿನಕ್ಕೆ ಐದು ಸಲ ಸೋಪು ಹಾಕಿ ತೊಳೀತೀನಿ," ಎಂದಳು.

ಐದು ಸಲ ತೊಳೆದರೆ ಗ್ರಂಥಿಗೆ ಗೊತ್ತೇ ಆಗುವುದಿಲ್ಲ. ಅದು ಕೇಳುವುದು ಹಾರ್ಮೋನಿನ ಮಾತನ್ನು, ಸೋಪಿನದನ್ನಲ್ಲ. ಆದರೆ ಹಂಚಿಗೂ ಗಾರೆಗೂ ಚೆನ್ನಾಗಿ ಗೊತ್ತಾಗುತ್ತದೆ. ಕಾಫಿ ಬೆಳೆಯುವವರಿಗೆ ಪಿಎಚ್ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಾಗಿದೆ ಎಂದರೆ ಮೂಟೆಗಟ್ಟಲೆ ಸುಣ್ಣ ಹಾಕುತ್ತಾರೆ. ಕಾಫಿಗೆ 6ರ ಮೇಲೆ ಬೇಕು. ಮುಖದ ಚರ್ಮಕ್ಕೆ ಬೇಕಾದದ್ದು ಹುಳಿಯೇ, 5ರ ಆಸುಪಾಸು. 1928ರಲ್ಲಿ ಜರ್ಮನಿಯ ಸಂಶೋಧಕರಾದ ಶಾಡೆ ಮತ್ತು ಮಾರ್ಕಿಯೋನಿನಿ ಅದನ್ನು ಆಮ್ಲದ ಹೊದಿಕೆ ಎಂದು ಕರೆದರು. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಸೋಪಿನ ಪಿಎಚ್ 9ರಿಂದ 10. ಪಿಎಚ್‌ನ ಒಂದೊಂದು ಅಂಕಿಯೂ ಹತ್ತು ಪಟ್ಟು. 5ರಿಂದ 10ಕ್ಕೆ ಹೋದರೆ ಐದು ಪಟ್ಟಲ್ಲ, ಒಂದು ಲಕ್ಷ ಪಟ್ಟು! ತೋಟದಲ್ಲಿ ಒಂದು ಅಂಕಿ ಏರುಪೇರಾದರೆ ನಿದ್ದೆ ಬಾರದವರು ನಾವು. ಮುಖವನ್ನು ದಿನಕ್ಕೆ ಐದು ಸಲ ಲಕ್ಷ ಪಟ್ಟಿನ ಕಡೆಗೆ ತಳ್ಳುತ್ತೇವೆ. ಅದು ಮತ್ತೆ ತನ್ನ ಹುಳಿಗೆ ಮರಳಲು ಗಂಟೆಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಇನ್ನೊಂದು ಸಲ ಸೋಪು. ಹಾಗೆಂದು ನಿಂಬೆಹುಳಿ ಹಚ್ಚುವುದೂ ತಪ್ಪು. ಅದರ ಪಿಎಚ್ 2ರ ಹತ್ತಿರ, ಚರ್ಮಕ್ಕಿಂತ ಸಾವಿರ ಪಟ್ಟು ಹುಳಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದುಂಟು.

ಈ ಊರಿನಲ್ಲಿ ವಾಸವಿರುವವರನ್ನೂ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾ ಒಂದು ಮೈಕ್ರಾನ್, ಕಾಫಿ ಬೀಜದಷ್ಟು. ಜಿಡ್ಡಿನ ಜಾಗದಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷದವರೆಗೂ ಇರಬಹುದು. ಅಂದರೆ ಎರಡೂವರೆ ಎಕರೆಯಲ್ಲಿ ಸುಮಾರು ಮೂರು ಮೂಟೆ ಬೀಜ ಚೆಲ್ಲಿದ ಹಾಗೆ. ಕೂದಲ ಬುಡದ ಬಾವಿಗಳಲ್ಲಿ ಡೆಮೊಡೆಕ್ಸ್ ಎಂಬ ನುಸಿ, 0.3 ಮಿಲಿಮೀಟರ್ ಉದ್ದ. ಇಲ್ಲಿ ಅದು ಹತ್ತಡಿಯ ಕಾಳಿಂಗದಷ್ಟು. ರಾತ್ರಿ ಹೊರಬಂದು ಗಂಟೆಗೆ ನೂರು ಮೀಟರಿನ ಹಾಗೆ ನಡೆದಾಡುತ್ತದೆ. ದೊಡ್ಡವರ ಮುಖದಲ್ಲಿ ಅದಿಲ್ಲದವರು ಇಲ್ಲವೆಂದೇ ಹೇಳಬಹುದು. ಹೆದರಬೇಕಿಲ್ಲ. ಅವು ಅತಿಯಾಗಿ ಹೆಚ್ಚದಿದ್ದರೆ ನಮ್ಮ ತಂಟೆಗೆ ಬರುವುದಿಲ್ಲ.

ಅಷ್ಟರಲ್ಲಿ ಅಕ್ಕ ಕಣದಿಂದ ಬಂದು ನೆರಳಿಗೆ ಕೂತಳು. ಟವಲು ಬಿಚ್ಚಿದಾಗ ಎರಡೂ ಕೆನ್ನೆಯ ಮೂಳೆಯ ಮೇಲೆ, ಮೇಲ್ದುಟಿಯ ಮೇಲೆ, ಕಂದು ಬಂಗು. ವರ್ಷ ವರ್ಷ ಕಾಫಿ ಕೊಯ್ಲಿನ ಬಿಸಿಲಿನಲ್ಲಿ ಗಾಢವಾಗುತ್ತ ಬಂದದ್ದು. "ನನ್ನ ಮುಖದಲ್ಲಿ ಬಣ್ಣದ ಕೋಶ ಜಾಸ್ತಿ ಇದ್ದಾವೇನೇ?" ಎಂದು ಕೇಳಿದಳು.

ಇಲ್ಲ. ಇದನ್ನು ಹೇಳುವಾಗ ನನಗೆ ಯಾವಾಗಲೂ ಮನಸ್ಸು ತುಂಬಿ ಬರುತ್ತದೆ. ಬಣ್ಣ ಮಾಡುವ ಕೋಶಗಳು ಹೊರಚರ್ಮದ ತಳದಲ್ಲಿವೆ, ನಮ್ಮ ಲೆಕ್ಕದಲ್ಲಿ ಅರ್ಧದಿಂದ ಒಂದು ಮೀಟರ್ ಆಳದಲ್ಲಿ. ಒಂದು ಚದರ ಮಿಲಿಮೀಟರಿಗೆ ಸಾವಿರದಿಂದ ಎರಡು ಸಾವಿರ. ಹತ್ತು ಸಾವಿರ ಪಟ್ಟಿನಲ್ಲಿ ಅದು ಗೇಣಿಗೊಂದು, ಮೊಳದೊಳಗೊಂದು. ಗದ್ದೆಯಲ್ಲಿ ಸಾಲು ನಾಟಿ ಮಾಡಿದಷ್ಟೇ ಅಂತರ. ಮತ್ತು ಈ ನಾಟಿ ನಾರ್ವೆಯವರ ಮುಖದಲ್ಲೂ ನೈಜೀರಿಯಾದವರ ಮುಖದಲ್ಲೂ ಕೊಡ್ಲಿಪೇಟೆಯವರ ಮುಖದಲ್ಲೂ ಹೆಚ್ಚು ಕಡಿಮೆ ಒಂದೇ. ಪೈರಿನ ಎಣಿಕೆ ಒಂದೇ, ಇಳುವರಿ ಬೇರೆ. ಕಪ್ಪಗಿರುವವರ ಕೋಶಗಳು ಮಾಡುವ ಬಣ್ಣದ ಕಾಳು ದೊಡ್ಡವು, ಹೆಚ್ಚಿನವು, ಬೇಗ ಕರಗದವು.

ಆ ಇಳುವರಿ ದೊಡ್ಡ ಆಸ್ತಿ. 1979ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಬಿಳಿಯರ ಹೊರಚರ್ಮ ಸುಡುವ ಅತಿನೇರಳೆ ಕಿರಣದ ಶೇ. 24ರಷ್ಟನ್ನು ಒಳಗೆ ಬಿಟ್ಟಿತು, ಕರಿಯರದ್ದು ಬಿಟ್ಟದ್ದು ಶೇ. 7.4 ಮಾತ್ರ. ಹುಟ್ಟಿನಿಂದ ಬಂದ ಸನ್‌ಸ್ಕ್ರೀನ್ ಲೆಕ್ಕದಲ್ಲಿ 3.4ಕ್ಕೆ ಎದುರು 13.4. ಅಮೆರಿಕದ ಚರ್ಮವೈದ್ಯ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಚರ್ಮ ಸುಡುವ, ಕಪ್ಪಾಗುವ ರೀತಿ ನೋಡಿ ವಿಂಗಡಣೆ ಮಾಡಿದಾಗ ಇದ್ದದ್ದು ಬಿಳಿ ಚರ್ಮದ ನಾಲ್ಕೇ ಬಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರು ಎಂಬ ಅಂಕಿ ಸೇರಿದ್ದು ಆಮೇಲೆ. ಭಾರತದ ಬಹುಪಾಲು ಜನ ನಾಲ್ಕರಿಂದ ಆರರೊಳಗೆ ಬರುತ್ತಾರೆ. ಇಂಥ ಚರ್ಮ ಸುಡುವುದು ಕಡಿಮೆ, ಆದರೆ ಗಾಯ, ಮೊಡವೆ, ಉಜ್ಜಾಟ, ಬಿಸಿಲು ಯಾವುದಾದರೂ ಕೆರಳಿಸಿದರೆ ಕಲೆ ಬೇಗ ಉಳಿಯುತ್ತದೆ. ಬಂಗಿಗೆ ಬಿಸಿಲು, ಬಸಿರು, ಗರ್ಭನಿರೋಧಕ ಗುಳಿಗೆಯ ಹಾರ್ಮೋನು, ವಂಶ ಎಲ್ಲವೂ ಸೇರಿ ಕಾರಣ.

ಅಕ್ಕ ಹಿಂದೊಮ್ಮೆ ಯಾರೋ ಹೇಳಿದರೆಂದು ಒಂದು ಟ್ಯೂಬು ತಂದು ಹಚ್ಚಿದ್ದಳು. ಎರಡು ವಾರಕ್ಕೆ ಮುಖ ಬೆಳ್ಳಗಾಯಿತು. ಬಿಟ್ಟ ತಕ್ಷಣ ಉರಿ, ಕೆಂಪು, ಸಣ್ಣ ಸಣ್ಣ ಗುಳ್ಳೆ. ಅದರಲ್ಲಿದ್ದದ್ದು ಸ್ಟಿರಾಯ್ಡ್. ಇದು ಅವಳೊಬ್ಬಳ ಕಥೆಯಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಶದ 12 ಕಡೆ ಮುಖದ ಚರ್ಮದ ತೊಂದರೆಗೆಂದು ಬಂದ 2,926 ಜನರನ್ನು ವೈದ್ಯರು ನೋಡಿದರು. 433 ಜನ ಸ್ಟಿರಾಯ್ಡ್ ಕ್ರೀಮನ್ನು ಮುಖಕ್ಕೆ ಹಚ್ಚುತ್ತಿದ್ದರು. ಏಳು ಜನರಲ್ಲಿ ಒಬ್ಬರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಹದಿನೈದು ಮೈಕ್ರಾನ್ ಗೋಡೆಯನ್ನು ಇನ್ನೂ ತೆಳ್ಳಗೆ ಮಾಡುವ ಔಷಧವನ್ನು ಬೆಳ್ಳಗಾಗಲೆಂದು ಹಚ್ಚುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬೆಳ್ಳಗಾಗಿ ಕಾಣುವ ಹೊತ್ತಿಗೆ ಗೋಡೆ ಕರಗುತ್ತಿರುತ್ತದೆ.

ಗಂಟೆ ಆಯಿತು. ಟಿಶ್ಯೂ ಪೇಪರ್ ಹರಿದು ಹುಡುಗಿಯ ಮುಖದ ಐದು ಕಡೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದೆವು. ಹಣೆಯದರಲ್ಲಿ ಸಾಸಿವೆ ಚೆಲ್ಲಿದಂತೆ ಪಾರದರ್ಶಕ ಚುಕ್ಕೆಗಳು. ಮೂಗಿನದು ಪೂರ್ತಿ ಒದ್ದೆ. ಗದ್ದದಲ್ಲಿ ಅಷ್ಟಿಷ್ಟು. ಕೆನ್ನೆಯ ಎರಡೂ ಚೂರು ಒಣ ಒಣ. ಮಿಶ್ರ ಚರ್ಮ. ಚುಕ್ಕೆಗಳನ್ನು ಅವಳು ಬೆರಳಿಟ್ಟು ಎಣಿಸಲು ಹೋದಳು. "ಒಂದೊಂದೂ ಒಂದು ರೊಬಸ್ಟಾ ಗಿಡವಾ?" ಎಂದಳು. ಹೌದು, ಹತ್ತಿರ ಹತ್ತಿರ ಹಾಗೆಯೇ. ಅಕ್ಕನ ಮುಖಕ್ಕೆ ಒತ್ತಿದ ಚೂರುಗಳಲ್ಲಿ ಮೂಗಿನದು ಬಿಟ್ಟರೆ ಏನೂ ಮೂಡಲಿಲ್ಲ.

ಹುಡುಗಿಗೆ ಹೇಳಿದ್ದು ಇಷ್ಟು. ಬೆಳಗ್ಗೆ ಒಂದು, ಸಂಜೆ ಒಂದು ಸಲ, ಕ್ಷಾರವಿಲ್ಲದ ಫೇಸ್‌ವಾಶ್, ಅಂಗೈ ಮಾತ್ರ. ತೇವ ಆರುವ ಮೊದಲು ಕೆನ್ನೆಗೆ ಗ್ಲಿಸರಿನ್ ಇರುವ ಮಾಯಿಶ್ಚರೈಸರ್, ಹಣೆ ಮೂಗಿಗೆ ಹೆಸರಿಗೆ ಮಾತ್ರ. ಕೊಬ್ಬರಿ ಎಣ್ಣೆ ಮೊಡವೆ ಬರುವ ಜಾಗಕ್ಕೆ ಬೇಡ. ಅಕ್ಕನಿಗೆ ರಾತ್ರಿ ಹೊತ್ತು ಕೊಬ್ಬರಿ ಎಣ್ಣೆ ಆದರೂ ಆದೀತು, ಪೆಟ್ರೋಲಿಯಂ ಜೆಲ್ಲಿ ಇನ್ನೂ ಒಳ್ಳೆಯದು. ಆ ನಾಲ್ಕು ಇಂಚಿನ ಮೇಲ್ಮುಖ ಮಳೆಯನ್ನು ಬಹುಪಾಲು ತಡೆಯುವ ಶಕ್ತಿ ಅದಕ್ಕಿದೆ. ಬಂಗಿಗೆ ಚರ್ಮದ ಡಾಕ್ಟರನ್ನೇ ನೋಡಬೇಕು. ಅಲ್ಲಿಯವರೆಗೆ ಕಣಕ್ಕೆ ಇಳಿಯುವ ಮೊದಲು ಟವಲಿನ ಮೇಲೆ ಅಗಲ ಅಂಚಿನ ಟೊಪ್ಪಿ, ಮತ್ತು ಸನ್‌ಸ್ಕ್ರೀನ್. ಐರನ್ ಆಕ್ಸೈಡ್ ಇರುವ, ತುಸು ಬಣ್ಣದ್ದಾದರೆ ಬಂಗಿಗೆ ಹೆಚ್ಚು ಒಳ್ಳೆಯದು, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ.

ಎಷ್ಟು ಹಚ್ಚಬೇಕು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ನಿಜವಾಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಎಂದರೆ ಸುಮಾರು 20 ಮೈಕ್ರಾನ್, ನಮ್ಮ ಲೆಕ್ಕದಲ್ಲಿ ಗೇಣು ದಪ್ಪದ ಮಣ್ಣಿನ ಹೊದಿಕೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧದಷ್ಟು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಂಡರೆ ಒಂದು ಮುಖಕ್ಕೆ ಸರಿಯಾಗುತ್ತದೆ.

ಅಕ್ಕ ತನ್ನ ಎರಡು ಬೆರಳು ಚಾಚಿ ನೋಡಿಕೊಂಡಳು. ಕಾಫಿ ಹಣ್ಣಿನ ಅಂಟಿನಿಂದ ತುದಿ ಕಪ್ಪಾಗಿತ್ತು. "ಇಷ್ಟುದ್ದವಾ! ಒಂದು ಟ್ಯೂಬು ಎಷ್ಟು ದಿನ ಬಂದೀತು?"

"ದಿನಕ್ಕೆ ಒಂದು ಗ್ರಾಂ ಹಿಡಿ. ಐವತ್ತು ಗ್ರಾಮಿನದು ಐವತ್ತು ದಿನ."

"ಎರಡು ಸಲ ಹಚ್ಚಬೇಕಾದರೆ ಇಪ್ಪತ್ತೈದು," ಎಂದು ಮಗಳು ತಿದ್ದಿದಳು. "ಏಪ್ರಿಲ್ ಕೊನೆಗೆ ಇಲ್ಲಿ ಸೂರ್ಯ ನೆತ್ತಿಗೆ ಬರ್ತಾನೆ. ಅಷ್ಟರೊಳಗೆ ಮೂರು ಟ್ಯೂಬು ಬೇಕು."

ಕಾಫಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಅಕ್ಕ ಮೂರು ಎಂದು ಬರೆದುಕೊಂಡಳು. ಚರಟದ ಬಟ್ಟಲು ಹಿಂಬಾಗಿಲ ಮೆಟ್ಟಿಲ ಮೇಲೇ ಇತ್ತು, ಸಕ್ಕರೆಗೆ ಇರುವೆ ಹತ್ತಿದ್ದವು.